ಬಂದೀತು

ಹೋದ ವರ್ಷ ಹತ್ತು ಗಂಟೆ ಏಳು ಸೆಕೆಂಡಿಗೆ ಬಿದ್ದಿತ್ತು ಸರ್ವರ್.
ಏಳೇ ಸೆಕೆಂಡು. ವಾದಿರಾಜ್ ಸರ್ ಅದನ್ನು
ಬಿಳಿ ಹಲಗೆಯ ಮೂಲೆಯಲ್ಲಿ ಬರೆದು
ಸುತ್ತ ಗೆರೆ ಎಳೆದಿದ್ದಾರೆ, ಅಳಿಸಲು ಬಿಟ್ಟಿಲ್ಲ.

ಈ ಸಲವೂ ಅದೇ ಸರಸ್ವತಿಪುರಂ, ಎರಡನೇ ಮಹಡಿ,
ಕೆಳಗೆ ಹಿಟ್ಟಿನ ಗಿರಣಿ, ರಾಗಿಯ ಬಿಸಿ ವಾಸನೆ.
ಒಂಬತ್ತು ಐವತ್ತೆಂಟು.
ಬನ್ನಿಮಂಟಪದ ಪಂಜಿನ ಕವಾಯತಿಗೆ
ನಮ್ಮ ಕೈಲಿರುವ ಸೀಟು ಎರಡು ಸಾವಿರದ ನಾನೂರು.
ಬಾಗಿಲ ಹೊರಗೆ ಆಗಲೇ ಎಂಬತ್ತಾರು ಸಾವಿರ ಬೆರಳು.

ಒಟ್ಟಿಗೆ ಬಿಟ್ಟರೆ ಏರಿ ಒಡೆಯುತ್ತದೆ.
ಇದನ್ನು ನನಗೆ ಕಲಿಸಿದ್ದು ಕಾಲೇಜಲ್ಲ.

ನಮ್ಮಜ್ಜ ಮಾಯಿಗಯ್ಯ, ಪಾಂಡವಪುರದ ಕಡೆ,
ನಾಲೆಯ ಮೂರನೇ ತೂಬಿನ ನೀರುಗಂಟಿ.
ಹೆಗಲ ಮೇಲೆ ಸನಿಕೆ, ಕಿವಿಯ ಮೇಲೆ ಬೀಡಿ,
ಒಂದು ಗದ್ದೆಯ ಬದುವಿಗೆ ಬಾಯಿ ಮಾಡಿ
ಇನ್ನೊಂದರ ಬಾಯಿಗೆ ಮಣ್ಣು ಮೆತ್ತುವ ಕೆಲಸ,
ರಾತ್ರಿಯೆಲ್ಲ. ಗಡಿಯಾರ ಇರಲಿಲ್ಲ,
ಗದ್ದೆ ನೀರು ಕುಡಿಯುವ ಸದ್ದಿನಲ್ಲೇ ಹೊತ್ತು ಎಣಿಸುತ್ತಿದ್ದ.
ಊರ ನೀರೆಲ್ಲ ಅವನ ಸನಿಕೆಯ ತುದಿಯಲ್ಲಿ;
ಊರ ಬಾವಿಯ ಹಗ್ಗ ಮಾತ್ರ ಅವನ ಕೈಗಿಲ್ಲ.
ಕಣದಲ್ಲಿ ಮೊರ ಹಿಡಿದು ದೂರ ನಿಂತರೆ
ಸುರಿದಷ್ಟು ಭತ್ತ ಸಂಬಳ.

ಹತ್ತು ಗಂಟೆ.
ರೆಹಾನಾ ಉಸಿರು ಹಿಡಿದಿದ್ದಾಳೆ. ಗೆರೆ ಮೇಲೇರಿತು,
ಏರಿತು, ಪರದೆಯ ಅಂಚು ಮುಟ್ಟಿ
ಅಲ್ಲೇ ನಿಂತಿತು.
ಏಳು. ಎಂಟು. ಒಂಬತ್ತು.
ವಾದಿರಾಜ್ ಸರ್ ಕಾಫಿಯ ಮೇಲೆ ಕೆನೆ ಕಟ್ಟಿತು.

ನಿಮಿಷಕ್ಕೆ ನಲವತ್ತು ಜನ. ಅಷ್ಟೇ ತೂಬು.
ಮೊದಲು ಬಂದವರು ಮೊದಲಲ್ಲ, ಚೀಟಿ ಎತ್ತಿದ ಹಾಗೆ:
ಫೈಬರ್ ಎಳೆದ ಮನೆಯೂ, ಹಿನಕಲ್ಲಿನ ಆಟೋ ಸ್ಟ್ಯಾಂಡಿನ
ಗಾಜೊಡೆದ ಫೋನೂ ಒಂದೇ ಮಡಕೆಯಲ್ಲಿ.
ಒಂದೇ ವಿಳಾಸದಿಂದ ಎಂಟುನೂರು ಸಲ ಬಡಿದವನ
ಬಾಯಿಗೆ ಮಣ್ಣು ಮೆತ್ತಿದೆ. ಸಾಹೇಬರ ಪಿ.ಎ. ಫೋನು ಮಾಡಿದ,
"ನಾಲ್ಕೇ ನಾಲ್ಕು ಮೇಡಂ, ಪಕ್ಕದ ಬಾಗಿಲಿಂದ."
ಪಕ್ಕದ ಬಾಗಿಲು ಇಟ್ಟೇ ಇಲ್ಲ ಸಾರ್, ಅಂದೆ.
ಸುಳ್ಳು. ಇತ್ತು. ಬೆಳಿಗ್ಗೆಯೇ ಪಾಸ್‌ವರ್ಡ್ ಬದಲಿಸಿದ್ದೆ.

ಆಮೇಲೆ ಕಣ್ಣಿಗೆ ಬಿತ್ತು ಆ ಸಾಲು,
ಕಾಯುವವರ ಪುಟಕ್ಕೆ ನಾನೇ ಬರೆದದ್ದು,
ಆಗಸ್ಟಿನಲ್ಲಿ, ಎಡಗೈಯಲ್ಲಿ ಚಪಾತಿ ಸುರುಳಿ ಹಿಡಿದು:
"ದಯವಿಟ್ಟು ಪುಟ ಮುಚ್ಚಬೇಡಿ. ನಿಮ್ಮ ಸರದಿ ಬರುತ್ತದೆ."

ಬರುತ್ತದೆಯೇ?
ಎಂಬತ್ತಮೂರು ಸಾವಿರ ಚಿಲ್ಲರೆ ಮಂದಿಗೆ
ಬರುವುದಿಲ್ಲ. ಲೆಕ್ಕ ನನ್ನ ಮುಂದೆಯೇ ಇದೆ.
ಅವರು ಚಾರ್ಜರ್ ಹುಡುಕುತ್ತಾರೆ, ಹಾಲು ಉಕ್ಕಲು ಬಿಡುತ್ತಾರೆ,
ಫೋನನ್ನು ಕಿಟಕಿಯ ಸರಳಿಗೆ ಒರಗಿಸಿ ಕೂರುತ್ತಾರೆ
ಒಂದು ಕ್ರಿಯಾಪದವನ್ನು ನಂಬಿ.

ಕಡೇ ಗದ್ದೆಯ ಗಿರಿಜವ್ವ ಬದುವಿನ ಮೇಲೆ ಕೂತು
"ಇವತ್ತು ನೀರು ಬತ್ತದಾ, ಮಾಯಿಗಣ್ಣ?" ಅಂದರೆ
ಅಜ್ಜ "ಬತ್ತದೆ" ಅಂದದ್ದು ನಾನು ಕೇಳಿಲ್ಲ.
ಸನಿಕೆಯ ಕೆಸರು ಹುಲ್ಲಿಗೆ ಒರೆಸುತ್ತ,
"ಬಂದಾತು ಕಣವ್ವ."

ಹತ್ತೂ ಇಪ್ಪತ್ತಕ್ಕೆ, ಮಾರಾಟದ ನಡುವೆ,
ಯಾರನ್ನೂ ಕೇಳದೆ ಒಂದು ಪದ ತಿದ್ದಿದೆ.
ಅಜ್ಜನ ಆಕಾರ ಬಿಟ್ಟು ಶಾಲೆಯ ಈಕಾರ ಹಾಕಿದೆ:
"ನಿಮ್ಮ ಸರದಿ ಬಂದೀತು."

"ಇದೇನ್ರೀ, ಜನಕ್ಕೆ ಧೈರ್ಯ ಹೇಳೋದು ಬಿಟ್ಟು", ವಾದಿರಾಜ್ ಸರ್.
ಸಾಲಿನಿಂದ ಹನ್ನೊಂದು ಸಾವಿರ ಜನ ಎದ್ದು ಹೋದರು,
ಆ ಪದಕ್ಕೋ, ಒಲೆಯ ಹಾಲಿಗೋ, ಗೊತ್ತಿಲ್ಲ.
ಗೆರೆ ಸ್ವಲ್ಪ ತಗ್ಗಿತು.

ಹನ್ನೊಂದಕ್ಕೆ ಎಲ್ಲ ಖಾಲಿ.
ನನ್ನದೂ ಒಂದು ಸಂಖ್ಯೆ ಇತ್ತು ಸಾಲಿನಲ್ಲಿ, ಅಮ್ಮನಿಗೆಂದು:
ಅರವತ್ತೊಂದು ಸಾವಿರದ ನಾನೂರ ಎಂಟು.
ಅದನ್ನೇ ನೋಡುತ್ತ ಕೂತಿದ್ದೆ.
ಕೆಳಗೆ ಗಿರಣಿ ನಿಂತಿತು. ಯಾರೋ ಡಬ್ಬಿಯ ಮುಚ್ಚಳ ಬಡಿದು ಕೂರಿಸಿದರು.
ರೆಹಾನಾ ಹಲಗೆಯ ಮೂಲೆಯ ಏಳನ್ನು
ಅಂಗೈಯಿಂದ ಅಳಿಸಲು ಹೋಗಿ,
ಬೇಡ, ಇರಲಿ, ಅಂದಳು.